ಜೈಲು ಸರಿ, ದುಡ್ಡು ಎಲ್ಲಿ?



ಅಪರಾಧ ತಡೆಗೂ ಗ್ರಾಹಕರ ರಕ್ಷಣೆಗೂ ರಾಜ್ಯ ಮುಂದೆ ಯಾವ ಶಾಸನ ತರಬೇಕು ಎಂಬುದು ಈ ವಿಚಾರ ಸಂಕಿರಣದ ವಿಷಯ. ಎರಡನ್ನೂ ಒಂದೇ ಸೂರಿನಡಿ ತಂದ ಸಂಘಟಕರಿಗೆ ನಮಸ್ಕಾರ, ಏಕೆಂದರೆ ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಅವು ಒಂದಕ್ಕೊಂದು ಮುಖ ಕೊಟ್ಟು ಮಾತಾಡುವುದೇ ಅಪರೂಪ. ಹೋಲಿಕೆಗೆ ಅಮೆರಿಕ ನೋಡಿ: ಅಲ್ಲಿನ ಪ್ರತಿ ರಾಜ್ಯದಲ್ಲೂ ಸರ್ಕಾರದ ಮುಖ್ಯ ವಕೀಲರಾಗಿ ಒಬ್ಬ ಅಟಾರ್ನಿ ಜನರಲ್ ಇರುತ್ತಾರೆ. 43 ರಾಜ್ಯಗಳಲ್ಲಿ ಅವರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ವಂಚಿಸಿದ ಕಂಪನಿಯ ಮೇಲೆ ಗ್ರಾಹಕರ ಪರವಾಗಿ ದಾವೆ ಹೂಡುವುದು ಅವರದೇ ಕಚೇರಿ. ಅಧಿವೇಶನ ಶುರುವಾಗುವ ಹೊತ್ತಿಗೆ ಇಂಥಿಂಥ ಮಸೂದೆ ಬೇಕೆಂದು ಶಾಸಕರ ಮುಂದೆ ಪಟ್ಟಿ ಇಡುವುದೂ ಅವರಲ್ಲಿ ಹಲವರ ರೂಢಿ. ಆ ಪದ್ಧತಿ ನಮಗೆ ಬರಲಿ ಎನ್ನಲಾರೆ. ಚುನಾವಣೆಗೆ ನಿಲ್ಲುವ ಸರ್ಕಾರಿ ವಕೀಲ ಕ್ಯಾಮೆರಾ ನೋಡಿ ಕೇಸು ಹಾಕುವ ಅಪಾಯ ಇದ್ದೇ ಇದೆ. ಆದರೆ ಆ ಪಟ್ಟಿ ಬರೆಯುವವರು ಇಲ್ಲಿ ಯಾರು? ನಮ್ಮಲ್ಲಿ ಹಗರಣ ಮೊದಲು, ಶಾಸನ ಆಮೇಲೆ.

ಮೋಸ ಹೋದವರು ಠಾಣೆಗೆ ಬರುವುದನ್ನು ಇಲ್ಲಿರುವ ಪೊಲೀಸರೂ ವಕೀಲರೂ ನೋಡಿದ್ದೀರಿ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ರಸೀದಿಗಳು, ಕಂಪನಿಯ ಸೀಲು ಬಿದ್ದ ಸರ್ಟಿಫಿಕೇಟು, ಅದರ ಹಿಂದೆ ಒಡವೆ ಅಡವಿಟ್ಟ ಚೀಟಿ. ಮೇಜಿನ ಆಚೆಯಿಂದ ಬರುವ ಮಾತೂ ನಿಮಗೆ ಗೊತ್ತು: "ಇದು ಸಿವಿಲ್ ಮ್ಯಾಟರ್ ಕಣಮ್ಮ, ಕೋರ್ಟಿಗೆ ಹೋಗಿ." ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರೆ ಆದೇಶವೇನೋ ಸಿಗಬಹುದು. ಬಾಗಿಲು ಮುಚ್ಚಿ ಓಡಿಹೋದ ಕಂಪನಿಯಿಂದ ವಸೂಲಿ ಮಾಡಿಕೊಡುವವರು ಯಾರು?

ಹಾಗೆಂದು ಕಾನೂನೇ ಇಲ್ಲ ಎನ್ನುವಂತಿಲ್ಲ. ಠೇವಣಿದಾರರ ರಕ್ಷಣೆಗೆ ತಮಿಳುನಾಡು 1997ರಲ್ಲೇ ಕಾಯ್ದೆ ಮಾಡಿತು. ನಮ್ಮ ಕರ್ನಾಟಕದ ಠೇವಣಿದಾರರ ಹಿತರಕ್ಷಣಾ ಕಾಯ್ದೆ, ಅಂದರೆ ಕೆಪಿಐಡಿ, 2004ರದು. ಆಸ್ತಿ ಜಪ್ತಿ, ಸಕ್ಷಮ ಪ್ರಾಧಿಕಾರ, ವಿಶೇಷ ನ್ಯಾಯಾಲಯ, ಹರಾಜು, ಹಂಚಿಕೆ ಎಲ್ಲವೂ ಅದರಲ್ಲಿವೆ. ಇಂಥ ಶಾಸನಕ್ಕೆ ರಾಜ್ಯಕ್ಕೆ ಅಧಿಕಾರವಿದೆಯೇ ಎಂಬ ತಕರಾರನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಮಿಳುನಾಡಿನ ಕೆ.ಕೆ. ಭಾಸ್ಕರನ್ ಪ್ರಕರಣದಲ್ಲಿ ತಳ್ಳಿಹಾಕಿತು. ಹೀಗೆ ಕಾನೂನು ಕೈಯಲ್ಲಿದ್ದಾಗಲೇ 2019ರ ಜೂನ್‌ನಲ್ಲಿ ಬೆಂಗಳೂರಿನ ಹೂಡಿಕೆ ಕಂಪನಿ ಐಎಂಎ ಮುಳುಗಿತು. ಶಿವಾಜಿನಗರದಲ್ಲಿ ಸಾವಿರಾರು ಜನ ದೂರು ಕೊಡಲು ಸಾಲುಗಟ್ಟಿ ನಿಂತರು. ಹಲಾಲ್ ಹೂಡಿಕೆ ಎಂಬ ನಂಬಿಕೆಯ ಮೇಲೆ ಮಗಳ ಮದುವೆಗೆಂದು ಕೂಡಿಟ್ಟದ್ದನ್ನೂ ಅಲ್ಲಿಗೆ ಸುರಿದಿದ್ದವರು ಅವರಲ್ಲಿದ್ದರು. ದುಬೈಗೆ ಹೋಗಿದ್ದ ಸಂಸ್ಥಾಪಕ ಜುಲೈನಲ್ಲಿ ದೆಹಲಿಯಲ್ಲಿ ಬಂಧನಕ್ಕೊಳಗಾದರು. ತನಿಖೆಗೆ ಮೊದಲು ಎಸ್‌ಐಟಿ, ಆಮೇಲೆ ಸಿಬಿಐ ಬಂತು.

ನಾವು ಗಮನಿಸಬೇಕಾದದ್ದು ಅದಕ್ಕೂ ಹಿಂದಿನ ಕಥೆ. ಕಂಪನಿಯ ಮೇಲೆ ಅನುಮಾನ ಮೊದಲೇ ಇತ್ತು. ಕೆಪಿಐಡಿ ಅಡಿಯಲ್ಲಿ ಕಂದಾಯ ಅಧಿಕಾರಿಗಳ ವಿಚಾರಣೆಯೂ ನಡೆದಿತ್ತು. ಆ ವರದಿಯನ್ನು ಲಂಚ ಪಡೆದು ಕಂಪನಿಗೆ ಅನುಕೂಲವಾಗುವಂತೆ ಬರೆಯಲಾಯಿತು ಎಂಬ ಆರೋಪವೇ ಮುಂದೆ ತನಿಖೆಯ ಭಾಗವಾಯಿತು. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ಹೇಳಲಿ. ಒಂದು ಮೇಜಿನ ಮೇಲಿನ ಒಂದು ವರದಿಗೆ ಇಡೀ ಊರಿನ ಉಳಿತಾಯ ಜೋತುಬಿದ್ದಿತ್ತು ಎಂಬುದಕ್ಕೆ ತೀರ್ಪು ಬೇಕಿಲ್ಲ. ನನ್ನ ಪಟ್ಟಿಯಲ್ಲಿ ಮೊದಲನೆಯದು ಇದೇ: ಇಂಥ ವಿಚಾರಣೆಯನ್ನು ಯಾವ ಅಧಿಕಾರಿಯೂ ಒಬ್ಬರೇ ಮುಚ್ಚಿಹಾಕಲು ಬರದಂತೆ ಮಾಡಬೇಕು. ಅದಕ್ಕೆ ಗಡುವು ಇರಲಿ, ಎರಡನೇ ಸಹಿ ಇರಲಿ, ಮುಕ್ತಾಯದ ಕಾರಣಗಳು ಸಾರ್ವಜನಿಕರ ಕೈಗೆ ಸಿಗಲಿ.

ಶಾಸಕರಿಗೆ ಶಿಕ್ಷೆಯ ವರ್ಷ ಏರಿಸುವುದರಲ್ಲಿ ಇರುವ ಉತ್ಸಾಹ ಇಂಥ ವಿವರಗಳಲ್ಲಿ ಕಾಣುವುದಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ ತಂದ 2025ರ ಕಿರುಸಾಲ ಸುಗ್ರೀವಾಜ್ಞೆಯನ್ನೇ ನೋಡಿ. ಕಂತು ತಪ್ಪಿದ್ದಕ್ಕೆ ಮನೆಗೆ ಬೀಗ ಜಡಿದ ಸುದ್ದಿಗಳು ಬಂದಾಗ ಅದು ಬೇಕೇ ಬೇಕಿತ್ತು. ಆದರೆ ಹತ್ತು ವರ್ಷ ಜೈಲು, ಐದು ಲಕ್ಷ ದಂಡ ಅತಿಯಾಯಿತೆಂದು ರಾಜ್ಯಪಾಲರು ಮೊದಲು ಹಿಂದಿರುಗಿಸಿದರು, ಆಮೇಲೆ ಅಂಕಿತ ಹಾಕಿದರು. ಚರ್ಚೆಯೆಲ್ಲ ಶಿಕ್ಷೆಯ ಸುತ್ತಲೇ ಸುತ್ತಿತು. ಆನ್‌ಲೈನ್ ಜೂಜಿನ ಮೇಲಿನ ನಮ್ಮ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನಂತೂ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಆತುರದ ಕರಡಿಗೆ ತೆತ್ತ ಬೆಲೆ ಅದು.

ಇನ್ನು ಎರಡನೆಯದು, ಹಣ ಮರಳಿಸುವ ಮಾತು. ಮುಳುಗಿದ ಕಂಪನಿಯ ಒಂದೇ ಕಟ್ಟಡವನ್ನು ಕೆಪಿಐಡಿ ಅಡಿ ರಾಜ್ಯ ಜಪ್ತಿ ಮಾಡಬಹುದು, ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಇ.ಡಿ. ಮಾಡಬಹುದು. 2019ರ ಕೇಂದ್ರದ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯೂ ಇದೆ. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 107ನೇ ಕಲಂ ಸೇರಿದೆ: ಅಪರಾಧದ ಗಳಿಕೆ ಎಂದು ನ್ಯಾಯಾಲಯ ಕಂಡುಕೊಂಡ ಆಸ್ತಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ 60 ದಿನಗಳೊಳಗೆ ನೊಂದವರಿಗೆ ಹಂಚಬೇಕು. ಓದಲು ಚೆನ್ನಾಗಿದೆ. ಆದರೆ ಅದೇ ಆಸ್ತಿಯ ಮೇಲೆ ಬೇರೆ ಕಾಯ್ದೆಗಳ ಜಪ್ತಿ ಇರುವಾಗ ಆ 60 ದಿನ ಯಾವಾಗ ಶುರುವಾಗುತ್ತದೆ? ಜಿಲ್ಲಾ ಮ್ಯಾಜಿಸ್ಟ್ರೇಟರೂ ಆಗಿರುವ ಡಿ.ಸಿ.ಯ ಕಚೇರಿಯಲ್ಲಿ ಚುನಾವಣೆ, ಬರ, ಪಹಣಿ ಎಲ್ಲವನ್ನೂ ನೋಡಿಕೊಳ್ಳುವವರಿಗೆ ಸಾವಿರಾರು ಕ್ಲೇಮ್ ಅರ್ಜಿ ತಾಳೆ ನೋಡಲು ಸಿಬ್ಬಂದಿ ಕೊಡುವವರು ಯಾರು?

ಮಧ್ಯಾಹ್ನದ ಗೋಷ್ಠಿಗೆ ನನ್ನ ಕೋರಿಕೆ ಇಷ್ಟೆ. ಪ್ರಬಂಧ ಓದಿ ಚಪ್ಪಾಳೆ ತಟ್ಟಿ ಎದ್ದುಹೋಗಬೇಡಿ. ಕೆಪಿಐಡಿಗೆ ತಿದ್ದುಪಡಿಯ ಒಂದು ಕರಡು ಬರೆಯಿರಿ. ವಿಚಾರಣೆ ಮುಚ್ಚುವ ವಿಧಾನಕ್ಕೆ ಒಂದು ಕಲಂ, ಹಂಚಿಕೆ ನೋಡಿಕೊಳ್ಳಲು ಪೂರ್ಣಾವಧಿ ಅಧಿಕಾರಿಯನ್ನು ನೇಮಿಸಲು ಇನ್ನೊಂದು, ಸಣ್ಣ ಮೊತ್ತದವರಿಗೆ ಮೊದಲ ಪಾಳಿ ಕೊಡಲು ಮತ್ತೊಂದು. ಶಿಕ್ಷೆಯ ಕಲಂ ಈಗಿರುವಂತೆಯೇ ಇರಲಿ, ಅದನ್ನು ಮುಟ್ಟಬೇಡಿ.