ವಸಡಿನ ರಕ್ತ, ರಕ್ತದ ಸಕ್ಕರೆ



ನಾನು ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ. ತಂದೆಯವರಿಗೂ ಸೋದರಮಾವನವರಿಗೂ ಸಕ್ಕರೆ ಕಾಯಿಲೆ ಇರುವುದರಿಂದ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿದೆನಷ್ಟೆ.

ಸಕ್ಕರೆ ಕಾಯಿಲೆಯೆಂದೊಡನೆ ನಾವು ಕಣ್ಣಿಗೆ, ಮೂತ್ರಪಿಂಡಕ್ಕೆ, ಕಾಲಿಗೆ ಏನಾದೀತೋ ಎಂದು ಅಂಜುತ್ತೇವೆ. ಬಾಯನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಹಲ್ಲುಜ್ಜುವಾಗ ರಕ್ತ ಬಂದರೆ ಬ್ರಷ್ಷು ಒರಟೆನ್ನುತ್ತೇವೆ, ಹಲ್ಲು ಅಲುಗಿದರೆ ವಯಸ್ಸೆನ್ನುತ್ತೇವೆ. ಹೆರಾಲ್ಡ್ ಲೋ ಎಂಬ ದಂತವಿಜ್ಞಾನಿ 1993ರಲ್ಲಿಯೇ ವಸಡಿನ ರೋಗವನ್ನು ಮಧುಮೇಹದ ಆರನೆಯ ತೊಡಕೆಂದು ಕರೆದಿದ್ದರು.

ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ವಸಡಿನ ಕಿರಿಯ ರಕ್ತನಾಳಗಳು ಕೆಡುತ್ತವೆ. ರೋಗಾಣುಗಳೊಡನೆ ಸೆಣಸುವ ಬಿಳಿಯ ಕಣಗಳು ಸೊರಗುತ್ತವೆ. ಹಲ್ಲಿನ ಬುಡದ ಕೊಳೆ ಕಿಟ್ಟಗಟ್ಟಿ, ವಸಡು ಹಲ್ಲನ್ನು ಬಿಟ್ಟು ಸಂದಾಗಿ, ಒಳಗಿನ ಎಲುಬು ಸವೆಯುತ್ತದೆ. ಇಷ್ಟಾದರೂ ಅನೇಕರಿಗೆ ನೋವೇ ಇರುವುದಿಲ್ಲ!

ಈ ವ್ಯವಹಾರ ಒಮ್ಮುಖದ್ದೂ ಅಲ್ಲ. ವಸಡಿನ ಉರಿಯೂತದಿಂದ ಹುಟ್ಟಿದ ದ್ರವ್ಯಗಳು ರಕ್ತಕ್ಕಿಳಿದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಅನ್ನ ಬಿಟ್ಟು ಚಪಾತಿ ಹಿಡಿದರೂ, ಮಾತ್ರೆ ತಪ್ಪಿಸದಿದ್ದರೂ ಸಕ್ಕರೆ ಇಳಿಯದಿರಲು ಇದೂ ಒಂದು ಕಾರಣವಾಗಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಕ್ರಬಡ್ಡಿ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ನೀವು ಬಲ್ಲಿರಿ. ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ 2022ರ ಕಾಕ್ರೇನ್ ಸಮೀಕ್ಷೆಯಂತೆ, ವಸಡಿಗೆ ಚಿಕಿತ್ಸೆ ಪಡೆದವರಲ್ಲಿ ಆ ಅಂಕೆ ಮೂರು ನಾಲ್ಕು ತಿಂಗಳಲ್ಲಿ ಪಡೆಯದವರಿಗಿಂತ ಸುಮಾರು 0.43 ಶೇಕಡಾಂಶ ಕೆಳಗಿತ್ತು. ಔಷಧಕ್ಕೆ ಬದಲಲ್ಲ, ಔಷಧದ ಜೊತೆಗೆ ಬಂದ ಲಾಭ.

ಆದರೂ ನಮ್ಮ ಮಂದಿ ಹೆದರುತ್ತಾರೆ: ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದಂತೆ! ಸತ್ಯವೇನೆಂದರೆ, ಎಲುಬು ಮೊದಲೇ ಸವೆದಿರುತ್ತದೆ. ಕಿಟ್ಟವು ಗಾರೆಯಂತೆ ಸಂದು ತುಂಬಿ ಅದನ್ನು ಮರೆಸಿರುತ್ತದೆ. ತೆಗೆದಾಗ ಸಡಿಲು ಕಾಣುತ್ತದೆ, ಅಪವಾದ ದಂತವೈದ್ಯರ ಮೇಲೆ ಬೀಳುತ್ತದೆ. ಇನ್ನು ಈ ಮುಂಬಯಿಯಲ್ಲಿ ಕೆಲವರು ವಸಡಿಗೆ ಮಿಶ್ರಿ ತಿಕ್ಕುತ್ತಾರೆ. ಅದು ಹುರಿದ ಹೊಗೆಸೊಪ್ಪು. ವಸಡಿಗೆ ಔಷಧವಲ್ಲ, ವಿಷ.

ಸಕ್ಕರೆಯ ಡಾಕ್ಟರು ಬಾಯಿ ತೆರೆಸಿ ನೋಡದಿದ್ದರೆ ವಸಡಿನ ಮಾತನ್ನು ನಾವೇ ತೆಗೆಯಬೇಕು. ದಂತವೈದ್ಯರಲ್ಲಿಗೆ ಹೋದಾಗ ಸಕ್ಕರೆಯ ವಿಷಯವನ್ನೂ ನುಂಗುವ ಮಾತ್ರೆಗಳ ಹೆಸರನ್ನೂ ಮೊದಲೇ ತಿಳಿಸಿರಿ. ಮಾತ್ರೆ ನುಂಗಿ ಉಪವಾಸ ಹೋಗಬೇಡಿರಿ. ಸಕ್ಕರೆ ತೀರ ಇಳಿದು ಕುರ್ಚಿಯಲ್ಲೇ ತಲೆ ಸುತ್ತೀತು. ಬೆಳಗಿನ ತಿಂಡಿ ಮುಗಿಸಿಯೇ ಹೊರಡಿರಿ.