ವಂಶವಾಹಿಯ ಲೆಕ್ಕ ಮತ್ತು ನಮ್ಮ ಸಂಬಂಧಗಳು

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಭಾಗದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನವರೂ, ಮಳೆ ನಂಬಿ ಜೋಳ, ತೊಗರಿ ಬಿತ್ತುವ ಲಿಂಗಸುಗೂರು, ಮಸ್ಕಿಯ ಕಡೆಯವರೂ ಇಲ್ಲಿ ಸೇರಿದ್ದೀರಿ. ಬೀಜದ ಗುಣ ನಿಮಗೆ ಹೊಸದಲ್ಲ. ಬೀಜದಿಂದ ಹೊರಟು ಇಂದು ಮನುಷ್ಯರ ವಿಷಯಕ್ಕೆ ಬರುತ್ತೇನೆ.

ನಮ್ಮ ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ಎಳೆಗಳಿವೆ. ಗುಣಗಳನ್ನು ಸಾಗಿಸುವ ವಂಶವಾಹಿಗಳು ಇರುವುದು ಈ ಎಳೆಗಳಲ್ಲಿ. ಸಾಮಾನ್ಯವಾಗಿ ಒಂದೊಂದು ವಂಶವಾಹಿಗೂ ಎರಡು ಪ್ರತಿಗಳು: ತಂದೆಯಿಂದ ಒಂದು, ತಾಯಿಯಿಂದ ಒಂದು. ಆದರೆ ಎಳೆಯ ತುಣುಕು ಕೆಲವರಲ್ಲಿ ಇಮ್ಮಡಿ, ಮುಮ್ಮಡಿಯಾಗಿರುತ್ತದೆ, ಕೆಲವರಲ್ಲಿ ಕಳಚಿಹೋಗಿರುತ್ತದೆ. ಆರೋಗ್ಯವಂತರಲ್ಲಿಯೂ ಇಂಥ ವ್ಯತ್ಯಾಸ ಹೇರಳವೆಂದು 2004ರಲ್ಲಿ ತಿಳಿದುಬಂದಿತು.

ಭತ್ತದ ಕೆಲವು ತಳಿಗಳಲ್ಲಿ ಕಾಳು ಉದ್ದವಾಗಲು ಇಂಥ ಇಮ್ಮಡಿಯೇ ಕಾರಣವೆಂದು 2015ರಲ್ಲಿ ಪ್ರಕಟವಾಯಿತು. ಅನ್ನ, ರೊಟ್ಟಿಯ ಪಿಷ್ಟವನ್ನು ಬಾಯಲ್ಲಿಯೇ ಕರಗಿಸತೊಡಗುವ ಅಮೈಲೇಸ್ ಎಂಬ ವಸ್ತುವಿನ ವಂಶವಾಹಿ ಕೆಲವರಲ್ಲಿ ಎರಡೇ ಪ್ರತಿ, ಕೆಲವರಲ್ಲಿ ಹತ್ತಕ್ಕೂ ಮೇಲು. ಇದರಿಂದ ಯಾರಿಗೂ ಕೇಡಿಲ್ಲ.

ಆದರೆ ಎಲ್ಲ ಕೊರತೆಯೂ ನಿರಪಾಯವಲ್ಲ. ಬೆನ್ನುಹುರಿಯ ನರಕೋಶಗಳನ್ನು ಕಾಯುವ ಎಸ್.ಎಂ.ಎನ್.-1 ಎಂಬ ವಂಶವಾಹಿಯುಂಟು. ಅದರ ಒಂದು ಪ್ರತಿ ಇಲ್ಲದವರು ಆರೋಗ್ಯವಾಗಿಯೇ ಇರುತ್ತಾರೆ. ಅಂಥ ಇಬ್ಬರು ಮದುವೆಯಾದರೆ, ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಎರಡೂ ಪ್ರತಿ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು. ಆಗ ಬರುವ ರೋಗವೇ ಸ್ಪೈನಲ್ ಮಸ್ಕ್ಯುಲರ್ ಆಟ್ರೋಫಿ. ಮಗುವಿನ ಕೈಕಾಲು ಸಡಿಲ, ಕತ್ತು ನಿಲ್ಲದು. ಬುದ್ಧಿ ಮಾತ್ರ ಚುರುಕು. ಎಸ್.ಎಂ.ಎನ್.-2 ಎಂಬ ಇನ್ನೊಂದು ವಂಶವಾಹಿಯ ಪ್ರತಿಗಳು ಹೆಚ್ಚಿದ್ದರೆ ರೋಗದ ಉಗ್ರತೆ ಸಾಮಾನ್ಯವಾಗಿ ಕಡಿಮೆ.

ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ರೂಢಿಯುಂಟು. ಹೊಲ ಹರಿದುಹೋಗಬಾರದು, ಮಗಳು ಕಣ್ಣೆದುರಿಗಿರಲಿ ಎಂಬ ಆಸೆ ತಪ್ಪಲ್ಲ. ಆದರೆ ಹಿರಿಯರೊಬ್ಬರಲ್ಲಿದ್ದ ಕೊರತೆ ಎರಡೂ ಕಡೆಯಿಂದ ಹರಿದು ಒಂದೇ ಮಗುವಿನಲ್ಲಿ ಕೂಡುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಹೊರಗಿನ ಸಂಬಂಧದಲ್ಲಿಯೂ ಹೀಗಾಗಬಹುದು, ಅಪರೂಪ, ಅಷ್ಟೇ.

ಆದುದರಿಂದ ಈ ಮಾತುಗಳನ್ನು ನೆನಪಿಡಿರಿ:

1. ಇಂಥ ಮಗು ಹುಟ್ಟಿದರೆ ಸೊಸೆಯನ್ನು ದೂರಬೇಡಿರಿ. ಸಾಮಾನ್ಯವಾಗಿ ಕೊರತೆ ಇಬ್ಬರಿಂದಲೂ ಬಂದಿರುತ್ತದೆ. ಗ್ರಹಣವಾಗಲಿ, ಶಾಪವಾಗಲಿ ಕಾರಣವಲ್ಲ.

2. ಮನೆತನದಲ್ಲಿ ಕೈಕಾಲು ಸೋತ ಮಕ್ಕಳು ಹುಟ್ಟಿದ್ದರೆ, ರಕ್ತಸಂಬಂಧದಲ್ಲಿ ಮದುವೆ ನಿಶ್ಚಯಿಸುವ ಮೊದಲೇ ವೈದ್ಯರನ್ನು ಕಂಡು ಹುಡುಗ, ಹುಡುಗಿ ಇಬ್ಬರ ರಕ್ತಪರೀಕ್ಷೆ ಮಾಡಿಸಿರಿ.

3. ಮೊದಲ ಮಗುವಿಗೆ ಈ ರೋಗವಿದ್ದರೆ, ಮುಂದಿನ ಬಸಿರಿಗೆ ಮುಂಚೆಯೇ ಸಲಹೆ ಪಡೆಯಿರಿ.

4. ಕತ್ತು ನಿಲ್ಲದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. 2021ರಿಂದ ಬಾಯಿಗೆ ಹಾಕುವ ಔಷಧಿ ಭಾರತದಲ್ಲಿಯೂ ಬಂದಿದೆ. ಬೆಲೆ ಬಹಳ ದುಬಾರಿ, ನಿಜ. ಆದರೆ ಬೇಗ ಕೊಟ್ಟಷ್ಟೂ ಗುಣ ಹೆಚ್ಚು.

ಬಿತ್ತುವ ಮುನ್ನ ಬೀಜವನ್ನು ಪರೀಕ್ಷಿಸುವವರು ನೀವು. ಮಕ್ಕಳ ವಿಷಯದಲ್ಲಿಯೂ ಅಷ್ಟೇ ಎಚ್ಚರವಿರಲಿ.