ಬೀಜದೊಳಗಿನ ಗಂಟು



ದೇಹದ ಕೆಲವು ಅಂಗಗಳ ಹೆಸರನ್ನು ನಾವು ಸಂಸ್ಕೃತದ ಮರೆಯಲ್ಲಿ ನಿಂತು ಮಾತ್ರ ಹೇಳುತ್ತೇವೆ. ವೃಷಣ ಅಂಥದೊಂದು ಅಂಗ. ಮನೆಮಾತಿನಲ್ಲಿ ಅದು ಬೀಜ. ಆ ಮಾತನ್ನು ವೈದ್ಯನೆದುರು ಆಡಲಾರದೆ ತಿಂಗಳುಗಟ್ಟಲೆ ಕಾಲ ಕಳೆಯುವ ತರುಣರಿದ್ದಾರೆ. ವೈದ್ಯನಲ್ಲದ, ಕನ್ನಡ ಪಾಠ ಹೇಳಿದವನಾದ ನಾನು ಈ ವಿಷಯವನ್ನೆತ್ತಿಕೊಂಡದ್ದು ಇದೇ ಕಾರಣದಿಂದ: ಇಲ್ಲಿ ರೋಗಕ್ಕಿಂತ ಮೊದಲು ಗೆಲ್ಲಬೇಕಾದದ್ದು ಮಾತಿನ ಸಂಕೋಚವನ್ನು.

ವೃಷಣದ ಕ್ಯಾನ್ಸರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ವೀರ್ಯಾಣುಗಳಿಗೆ ಮೂಲವಾದ ಬೀಜಕೋಶಗಳಿಂದ ಹುಟ್ಟುತ್ತವೆ. ಬಹುಮಟ್ಟಿಗೆ 15ರಿಂದ 40 ವರ್ಷದವರನ್ನು ಹಿಡಿಯುತ್ತವೆ. ಇವುಗಳಲ್ಲಿ ಮುಖ್ಯ ಬಗೆ ಎರಡು. ಮೊದಲನೆಯದು ಸೆಮಿನೋಮ; ಬೀಜವೆಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಮೂವತ್ತು ದಾಟಿದವರಲ್ಲಿ ಹೆಚ್ಚು. ನಿಧಾನವಾಗಿ ಬೆಳೆಯುತ್ತದೆ, ವಿಕಿರಣಕ್ಕೂ ಔಷಧಕ್ಕೂ ಬೇಗ ಮಣಿಯುತ್ತದೆ.

ಎರಡನೆಯದು ಸೆಮಿನೋಮವಲ್ಲದವುಗಳ ಗುಂಪು. ಇಡೀ ಶರೀರವನ್ನೇ ಕಟ್ಟಬಲ್ಲ ಬೀಜದ ಶಕ್ತಿ ದಾರಿತಪ್ಪಿ ಇಲ್ಲಿ ನಾನಾ ರೂಪ ತಳೆಯುತ್ತದೆ. ಭ್ರೂಣದ ಕೋಶಗಳನ್ನು ಹೋಲುವ ಎಂಬ್ರಿಯೋನಲ್ ಕಾರ್ಸಿನೋಮ ಹರೆಯದವರಲ್ಲಿ ಉಗ್ರವಾದುದು. ಯೋಕ್ ಸ್ಯಾಕ್ ಗೆಡ್ಡೆ ಎಳೆಯ ಮಕ್ಕಳಲ್ಲಿಯೂ ಕಾಣುತ್ತದೆ. ಟೆರಟೋಮದೊಳಗೆ ಮೃದ್ವಸ್ಥಿ, ಕೂದಲು, ಒಮ್ಮೊಮ್ಮೆ ಹಲ್ಲು ಕೂಡ ಇರಬಹುದು. ಅದು ಔಷಧಕ್ಕೆ ಬಗ್ಗದು, ಶಸ್ತ್ರಕ್ರಿಯೆಯೇ ಬೇಕು. ಮಾಸಿನ ಕೋಶಗಳನ್ನು ಹೋಲುವ ಕೋರಿಯೋಕಾರ್ಸಿನೋಮ ವಿರಳ. ಆದರೆ ರಕ್ತದ ಮೂಲಕ ಶೀಘ್ರವಾಗಿ ಶ್ವಾಸಕೋಶವನ್ನು ಸೇರುತ್ತದೆ. ಗರ್ಭಿಣಿಯರ ಹಾರ್ಮೋನು ಆಗ ಗಂಡಸಿನ ರಕ್ತದಲ್ಲಿ ಏರುತ್ತದೆ. ಕೆಲವರಿಗೆ ಸ್ತನಗಳು ಊದಿಕೊಳ್ಳುವುದು ಇದರಿಂದಲೇ. ಒಂದೇ ಗೆಡ್ಡೆಯಲ್ಲಿ ಹಲವು ಬಗೆಗಳು ಬೆರೆತಿರುವುದೂ ಉಂಟು.

ಲಕ್ಷಣವೇನು? ಸಾಮಾನ್ಯವಾಗಿ ನೋವಿಲ್ಲದ ಒಂದು ಗಟ್ಟಿ ಗಂಟು, ಇಲ್ಲವೇ ಭಾರವೆನ್ನಿಸುವ ಊತ. ನೋವಿಲ್ಲವೆಂಬುದೇ ಇಲ್ಲಿಯ ಮೋಸ. ರೋಗ ಹರಡಿದ ಮೇಲೆ ಬೆನ್ನುನೋವು, ಕೆಮ್ಮು ತೋರಬಹುದು. ಶೈಶವದಲ್ಲಿ ವೃಷಣ ಕೆಳಗಿಳಿಯದೆ ಉಳಿದವರು ಹೆಚ್ಚು ಎಚ್ಚರದಿಂದಿರಬೇಕು.

ಅಲ್ಟ್ರಾಸೌಂಡ್ ಮತ್ತು ರಕ್ತಪರೀಕ್ಷೆಗಳ ಬಳಿಕ ತೊಡೆಸಂದಿನ ಮೂಲಕ ಆ ವೃಷಣವನ್ನು ತೆಗೆಯುತ್ತಾರೆ. 1974ರಲ್ಲಿ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ಲಾರೆನ್ಸ್ ಐನ್‌ಹಾರ್ನ್ ಅವರು ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಂ ಸಂಯುಕ್ತವನ್ನು ಬೇರೆರಡು ಔಷಧಗಳೊಡನೆ ಕೊಟ್ಟು ನೋಡಿದರು. ಅಲ್ಲಿಂದೀಚೆಗೆ ಹರಡಿದ ರೋಗವೂ ಬಹುಮಂದಿಯಲ್ಲಿ ಗುಣವಾಗುತ್ತಿದೆ. ಮೊದಲೇ ಕಂಡುಕೊಂಡರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಬದುಕುತ್ತಾರೆ. ಉಳಿದ ಒಂದು ವೃಷಣ ದಾಂಪತ್ಯಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಸಾಕು. ಔಷಧೋಪಚಾರಕ್ಕೆ ಮುನ್ನ ವೀರ್ಯವನ್ನು ಕಾದಿರಿಸುವ ಏರ್ಪಾಡೂ ಇದೆ.

ಇಷ್ಟನ್ನು ತಂದೆಯಾದವನು ಪ್ರಾಯಕ್ಕೆ ಬಂದ ಮಗನಿಗೆ ಹೇಳಬೇಕು. 'ಬೀಜದಲ್ಲಿ ಗಂಟಿದೆ' ಎಂದರಾಯಿತು. ವೈದ್ಯನಿಗೆ ಅದಕ್ಕಿಂತ ಮಡಿಯ ಮಾತು ಬೇಕಿಲ್ಲ.